ದೊಡ್ಡಮ್ಮನ ಎಡಹುಬ್ಬು

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಈಗ ಬೆಳಗ್ಗೆ ಆರೂವರೆ. ರಾತ್ರಿ ನಾಲ್ಕು ಹನಿ ಮಳೆ ಬಿದ್ದು ನಿಂತಿದೆ. ಗಾಳಿ ಸೂಯೆಜ್ ಫಾರಂ ಕಡೆಯಿಂದ ತಿರುಗಿದಾಗ ಕಸದ ರಾಶಿಯ ವಾಸನೆ ಹೊಸ್ತಿಲವರೆಗೂ ಬರುತ್ತದೆ, ಇನ್ನೊಂದು ಕಡೆಗೆ ತಿರುಗಿದಾಗ ಎದುರುಮನೆಯ ಒಗ್ಗರಣೆ. ಪೂರ್ವದಲ್ಲಿ ಚಾಮುಂಡಿ ಬೆಟ್ಟದ ತುದಿ ಮೋಡದೊಳಗಿದೆ. ಜಗುಲಿಯ ಮೇಲೆ ಕೂತು ದೊಡ್ಡಮ್ಮ ‘ಆಂದೋಲನ’ ಓದುತ್ತಿದ್ದಾರೆ. ನೀವು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದಿದ್ದೀರಿ. ಒಂದು ನಿಮಿಷ ಅಲ್ಲೇ ನಿಂತು, ಅವರು ಹೇಗೆ ಓದುತ್ತಾರೆ ನೋಡಿ.

ಬಲಗೈಯಲ್ಲಿ ಪೇಪರು. ಎಡಗೈಯ ತೋರುಬೆರಳು ಎಡಹುಬ್ಬಿನ ಮೇಲೆ. ಹುಬ್ಬನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡೇ ಸಾಲಿನಿಂದ ಸಾಲಿಗೆ ಹೋಗುತ್ತಾರೆ. ಪುಟ ತಿರುಗಿಸಲು ಎರಡೂ ಕೈ ಬೇಕಾದಾಗ ಬೆರಳು ತೆಗೆಯುತ್ತಾರೆ. ಆಗ ಹುಬ್ಬು ಜಾರಿ ರೆಪ್ಪೆಯ ಮೇಲೆ ಕೂರುತ್ತದೆ, ಅದರ ಭಾರಕ್ಕೆ ರೆಪ್ಪೆಯ ಚರ್ಮ ಮಡಚಿ ಕಣ್ಣಿಗೆ ಅಡ್ಡ ಬರುತ್ತದೆ. ಪುಟ ತಿರುಗಿದ ಮೇಲೆ ಬೆರಳು ಮತ್ತೆ ಹುಬ್ಬಿಗೆ. ಎರಡು ವರ್ಷದಿಂದ ಅವರು ಓದುವುದೇ ಹೀಗೆ. ಮೆಟ್ಟಿಲು ಇಳಿಯುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ, ಮಾನಂದವಾಡಿ ರಸ್ತೆ ದಾಟುವಾಗ ಕೂಡ ಆ ಬೆರಳು ಅಲ್ಲೇ ಇರುತ್ತದೆ.

ಎರಡು ವರ್ಷದ ಹಿಂದೆ ಒಂದು ದಿನ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಒಂದು ಕಡೆಯಿಂದ ಸೋರಿತು. ಕನ್ನಡಿ ನೋಡಿಕೊಂಡರೆ ಬಾಯಿ ಬಲಕ್ಕೆ ವಾಲಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಗಾಳಿ ಹೊಡೆದಿದೆ ಅಂದರು ಬೀದಿಯವರು. ಎಣ್ಣೆ ನೀವಿದ್ದಾಯಿತು, ಹರಕೆ ಹೊತ್ತಿದ್ದಾಯಿತು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ವಾರ ದಾಟಿತ್ತು. ಮುಖದ ನರಕ್ಕೆ ಹೀಗೆ ಹಠಾತ್ತಾಗಿ ಬರುವ ಲಕ್ವವನ್ನು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. 1821ರಲ್ಲಿ ಮುಖದ ನರಗಳ ಬಗ್ಗೆ ಬರೆದ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಅವರ ಹೆಸರು ಅದಕ್ಕೆ ಉಳಿದಿದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಅದು ಪೂರ್ತಿ ವಾಸಿಯಾಗುತ್ತದೆ. ದೊಡ್ಡಮ್ಮನಿಗೆ ಬಾಯಿ ತಕ್ಕಮಟ್ಟಿಗೆ ನೆಟ್ಟಗಾಯಿತು, ಕಣ್ಣು ಮುಚ್ಚುವುದಕ್ಕೂ ಬಂತು. ಹುಬ್ಬು ಮಾತ್ರ ಏಳಲಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಹುಬ್ಬು ಎತ್ತುವ ಆಪರೇಷನ್ ಎಂದ ಕೂಡಲೇ ನಮ್ಮಲ್ಲಿ ಸಿನಿಮಾದವರ ಶೋಕಿ ನೆನಪಾಗುತ್ತದೆ. ವಯಸ್ಸಾದವರ ಇಳಿದ ಹುಬ್ಬನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಆ ಹುಬ್ಬಿನ ಕೆಳಗಿರುವ ಕಣ್ಣು ಚೆನ್ನಾಗಿಯೇ ಕಾಣಬಲ್ಲುದು, ಅಡ್ಡ ಬಂದಿರುವುದು ಒಂದಿಷ್ಟು ಚರ್ಮ ಎಂಬುದು ಯಾರಿಗೂ ಹೊಳೆಯುವುದಿಲ್ಲ. ದೊಡ್ಡಮ್ಮ ರೇಷ್ಮೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ, ಇವತ್ತೂ ಮಾನಂದವಾಡಿ ರಸ್ತೆಯಲ್ಲಿ ಮಗ್ಗಗಳ ಸದ್ದು ಕೇಳಿಸುವ ಅದೇ ಕಾರ್ಖಾನೆ. ಓಡುವ ಎಳೆ ಎಲ್ಲಿ ತುಂಡಾಯಿತು ಎಂದು ಕಣ್ಣಳತೆಯಲ್ಲೇ ಹಿಡಿಯುತ್ತಿದ್ದ ಹೆಂಗಸು ಅವರು. ಇವತ್ತು ಪೇಪರ್ ಓದಲು ಒಂದು ಬೆರಳನ್ನು ಒತ್ತೆ ಇಡಬೇಕಾಗಿದೆ.

ಆಟೋ ಬಂತು. ಚಾಮುಂಡಿಪುರಂ ವೃತ್ತ ದಾಟುವಾಗ ದೊಡ್ಡಮ್ಮ ನಿಮ್ಮ ಕೈ ಹಿಡಿಯುತ್ತಾರೆ. “ಕಣ್ಣಿಗೇನೂ ಆಗಲ್ಲ ಅಲ್ವಾ ಮಗ?” ಇಲ್ಲ ಅನ್ನಿ. ಧೈರ್ಯ ಹೇಳಲೆಂದೇ ಹೇಳುವ ಮಾತಲ್ಲ ಇದು. ಇವತ್ತು ಕತ್ತಿ ಆಡುವುದು ಕಣ್ಣಿನ ಗುಳಿಯ ಮೂಳೆಗಿಂತ ಮೇಲೆ, ಹುಬ್ಬಿನ ಕೂದಲ ಅಂಚಿನಲ್ಲಿ.

ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬ ಡಾಕ್ಟರಮ್ಮ. ಜೊತೆಗೆ ಇಬ್ಬರು ಪಿ.ಜಿ. ವಿದ್ಯಾರ್ಥಿಗಳು. ದೊಡ್ಡಮ್ಮನನ್ನು ಕಿಟಕಿಯ ಬೆಳಕಿಗೆ ಎದುರಾಗಿ ಕೂರಿಸಿ, “ಅಮ್ಮ, ಹುಬ್ಬು ಎರಡೂ ಮೇಲೆತ್ತಿ” ಎನ್ನುತ್ತಾರೆ. ಹಣೆಯ ಬಲಭಾಗದಲ್ಲಿ ಗೆರೆಗಳು ಸಾಲಾಗಿ ಏಳುತ್ತವೆ. ಎಡಭಾಗ ನುಣ್ಣಗೆ ಹಾಗೇ ಇರುತ್ತದೆ. ಎಪ್ಪತ್ತು ದಾಟಿದ ಮುಖದಲ್ಲಿ ಆ ಅರ್ಧ ಹಣೆ ಮಾತ್ರ ಹರೆಯದ ಹಣೆ. ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಡಾಕ್ಟರು ಎಡಹುಬ್ಬನ್ನು ಅಂಟುಪಟ್ಟಿಯಿಂದ ಮೇಲಕ್ಕೆ ಎಳೆದು ಅಂಟಿಸಿ, ಗೋಡೆಯ ಅಕ್ಷರಗಳ ಪಟ ಓದಿಸುತ್ತಾರೆ. ಪಟ್ಟಿ ಕಿತ್ತು ಮತ್ತೆ ಓದಿಸುತ್ತಾರೆ. ಮೇಲಿನ ಸಾಲುಗಳು ಮಾಯವಾಗುತ್ತವೆ. ಆಪರೇಷನ್ ಯಾಕೆ ಬೇಕು ಎಂಬುದಕ್ಕೆ ಇಷ್ಟು ಪುರಾವೆ ಸಾಕು.

ಆಮೇಲಿನ ಪರೀಕ್ಷೆ ಇನ್ನೂ ಮುಖ್ಯ. “ಕಣ್ಣು ಮೆತ್ತಗೆ ಮುಚ್ಚಿ.” ಎಡರೆಪ್ಪೆ ಪೂರ್ತಿ ಕೂಡುತ್ತದೆಯೇ, ಸಂದಿ ಉಳಿಯುತ್ತದೆಯೇ ಎಂದು ಬಗ್ಗಿ ನೋಡುತ್ತಾರೆ. ಲಕ್ವ ಹೊಡೆದ ಮುಖದಲ್ಲಿ ಹುಬ್ಬು ಎತ್ತುವ ಆತುರಕ್ಕೆ ಬಿದ್ದರೆ, ಕಷ್ಟಪಟ್ಟು ಮುಚ್ಚುತ್ತಿದ್ದ ಕಣ್ಣು ತೆರೆದೇ ಉಳಿದು, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಒಣಗಿ ಹುಣ್ಣಾಗಬಹುದು. ಮುಚ್ಚದ ಕಣ್ಣಿಗೆ ಮೇಲ್ರೆಪ್ಪೆಯೊಳಗೆ ಚಿನ್ನದ ಅಥವಾ ಪ್ಲಾಟಿನಂನ ಸಣ್ಣ ತೂಕ ಕೂರಿಸುವ ಏರ್ಪಾಡು ಇದೆ, ಹುಬ್ಬಿನ ಮಾತು ಅದಾದ ಮೇಲೆ. ದೊಡ್ಡಮ್ಮನ ಕಣ್ಣು ಮುಚ್ಚುತ್ತದೆ. ಡಾಕ್ಟರು ತಲೆಯಾಡಿಸುತ್ತಾರೆ.

ಈಗ ನಿಮ್ಮ ಹಣೆಯ ಮೇಲೆ ನಿಮ್ಮದೇ ಅಂಗೈ ಇಟ್ಟು ಹುಬ್ಬು ಏರಿಸಿ. ಕೈಕೆಳಗೆ ಚರ್ಮ ಮೇಲಕ್ಕೆ ಸರಿಯುವುದು ಗೊತ್ತಾಗುತ್ತದೆ. ಈ ಕೆಲಸ ಒಂದೇ ಸ್ನಾಯುವಿನದು, ಫ್ರಾಂಟಾಲಿಸ್ ಎಂಬುದರದು. ಅದು ಮೂಳೆಗೆ ಎಲ್ಲೂ ಅಂಟಿಕೊಂಡಿಲ್ಲ. ಮೇಲ್ತುದಿ ನೆತ್ತಿಯ ಗಟ್ಟಿಪೊರೆಗೆ, ಕೆಳತುದಿ ಹುಬ್ಬಿನ ಚರ್ಮಕ್ಕೆ ಸೇರಿಕೊಂಡಿದೆ. ಕೆಳಕ್ಕೆ ಎಳೆಯುವ ಸ್ನಾಯುಗಳು ಹಲವು: ಕಣ್ಣಿನ ಸುತ್ತ ಇರುವುದೊಂದು, ಹುಬ್ಬು ಗಂಟಿಕ್ಕುವುದೊಂದು, ಮೂಗಿನ ಬುಡದಲ್ಲಿ ಅಡ್ಡಗೆರೆ ಮೂಡಿಸುವುದೊಂದು. ಕಪಾಲದ ಪಕ್ಕಕ್ಕೆ ಬರುವಷ್ಟರಲ್ಲಿ ಫ್ರಾಂಟಾಲಿಸ್ ಮುಗಿದೇ ಹೋಗಿರುತ್ತದೆ. ಎಲ್ಲರಿಗೂ ವಯಸ್ಸಾದಂತೆ ಹುಬ್ಬಿನ ಹೊರತುದಿ ಮೊದಲು ಬೀಳುವುದು ಅದಕ್ಕೇ, ಅಲ್ಲಿ ಎತ್ತಿ ಹಿಡಿಯುವವರಿಲ್ಲ.

ಹುಬ್ಬಿನ ಕೆಳಗಿನ ಮೂಳೆಯಂಚಿನ ಮೇಲೆ ಬೆರಳು ಓಡಿಸಿ. ಮುಖದ ನಡುಗೆರೆಯಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಆಚೆ ಹಲವರಿಗೆ ಸಣ್ಣ ಕಚ್ಚೊಂದು ಸಿಗುತ್ತದೆ. ಒತ್ತಿದರೆ ಚುಳ್ ಎನ್ನುತ್ತದೆ. ಹಣೆಗೂ ನೆತ್ತಿಗೂ ಸ್ಪರ್ಶ ಕೊಡುವ ನರ ಹೊರಬರುವುದು ಅಲ್ಲಿಂದ. ಅದು ಕಡಿದರೆ ತಲೆ ಬಾಚಿಕೊಳ್ಳುವಾಗ ಬಾಚಣಿಗೆ ತಗುಲಿದ್ದು ಗೊತ್ತಾಗುವುದಿಲ್ಲ. ಇನ್ನೊಂದು ನರ ಕಪಾಲದ ಪಕ್ಕದಲ್ಲಿ ಬರುತ್ತದೆ, ಹುಬ್ಬಿಗೆ ಚಲನೆ ಕೊಡುವ ನರ. ಕಿವಿಯ ಮುಂದಿನ ಸಣ್ಣ ಉಬ್ಬಿಗಿಂತ ಅರ್ಧ ಸೆಂಟಿಮೀಟರ್ ಕೆಳಗೆ ಒಂದು ಚುಕ್ಕಿ, ಹುಬ್ಬಿನ ಹೊರತುದಿಗಿಂತ ಒಂದೂವರೆ ಸೆಂಟಿಮೀಟರ್ ಮೇಲೆ ಇನ್ನೊಂದು ಚುಕ್ಕಿ. ಎರಡನ್ನೂ ಸೇರಿಸಿ ಗೆರೆ ಎಳೆದರೆ ಆ ನರದ ದಾರಿ ಸಿಗುತ್ತದೆ ಎಂದು 1966ರಲ್ಲಿ ತೋರಿಸಿದವರು ಬ್ರೆಜಿಲ್‌ನ ಇವೊ ಪಿಟಂಗಿ. ಜಗತ್ತಿನಾದ್ಯಂತ ಹಣೆಗೆ ಕತ್ತಿ ಇಡುವವರು ಮೊದಲು ಆ ಗೆರೆಯನ್ನು ನೆನೆಯುತ್ತಾರೆ. ದೊಡ್ಡಮ್ಮನ ಎಡಗಡೆ ಕೆಲಸ ನಿಲ್ಲಿಸಿರುವುದು ಅದೇ ನರ.

ಮಾರ್ಕರ್ ಪೆನ್ ಹೊರಗೆ ಬರುತ್ತದೆ. ಗುರುತು ಹಾಕುವುದು ಕೂತಾಗಲೇ. ಮಲಗಿದರೆ ಹುಬ್ಬು ತಾನಾಗಿ ಹಿಂದಕ್ಕೆ ಸರಿದು ಅಳತೆ ತಪ್ಪುತ್ತದೆ. ಗುರುತು ಹಾಕುತ್ತಲೇ ಡಾಕ್ಟರು ಹುಡುಗರಿಗೆ ಕೇಳುತ್ತಾರೆ: “ಇವರಿಗೆ ಎಂಡೋಸ್ಕೋಪ್ ಯಾಕೆ ಬೇಡ ಅಂದೆ?”

ಉತ್ತರಕ್ಕೆ ನೂರು ವರ್ಷದ ಕಥೆ ಬೇಕು. 1919ರಲ್ಲಿ ಫ್ರಾನ್ಸಿನ ರೇಮಂ ಪಾಸೋ ಮುಖದ ಅಂಚಿನಲ್ಲಿ ಸಣ್ಣ ಸಣ್ಣ ಚರ್ಮದ ತುಂಡು ತೆಗೆದು ಹೊಲಿದು ಮೇಲಕ್ಕೆ ಬಿಗಿಯುವ ಕ್ರಮವನ್ನು ಬರೆದಿಟ್ಟರು. ಆಮೇಲೆ ಬಂದದ್ದು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಕೂದಲ ಒಳಗೆ ನೆತ್ತಿಯ ಮೇಲೆ ಹಾಯುವ ಉದ್ದನೆಯ ಕೊಯ್ತ. ಇಡೀ ಹಣೆಯನ್ನು ಬಿಡಿಸಿ, ಗಂಟಿಕ್ಕುವ ಸ್ನಾಯುಗಳನ್ನು ಕಣ್ಣಾರೆ ಕಂಡು ಸಡಿಲಿಸಿ, ಹೆಚ್ಚಾದ ನೆತ್ತಿಚರ್ಮ ತೆಗೆದು ಹೊಲಿಯುತ್ತಾರೆ. ಎಲ್ಲವೂ ಕಣ್ಣೆದುರಿಗೆ ತೆರೆದಿರುತ್ತದೆ, ಗಾಯದ ಗುರುತು ಕೂದಲಲ್ಲಿ ಮುಚ್ಚಿಹೋಗುತ್ತದೆ. ಆದರೆ ಹಣೆ ಇನ್ನೂ ಎತ್ತರವಾಗುತ್ತದೆ, ಗಾಯದ ಹಿಂದಿನ ನೆತ್ತಿ ತಿಂಗಳುಗಟ್ಟಲೆ ಮರಗಟ್ಟಿ ತುರಿಸುತ್ತದೆ, ಬೊಕ್ಕತಲೆಯವರಿಗಂತೂ ಆಗದ ಮಾತು. ಕೂದಲಂಚಿನಲ್ಲೇ ಕೊಯ್ದರೆ ಹಣೆ ಎತ್ತರವಾಗುವುದಿಲ್ಲ, ಗುರುತು ಮಾತ್ರ ಕೊಂಚ ಕಾಣುತ್ತದೆ. 1990ರ ದಶಕದ ಆರಂಭದಲ್ಲಿ ಕ್ಯಾಮೆರಾ ಬಂತು. ಕೂದಲೊಳಗೆ ಮೂರರಿಂದ ಐದು ಸಣ್ಣ ಕೊಯ್ತ, ಒಂದೊಂದೂ ಎರಡು ಸೆಂಟಿಮೀಟರ್ ಒಳಗೆ. ಅಲ್ಲಿಂದ ಎಂಡೋಸ್ಕೋಪ್ ತೂರಿಸಿ, ಹಣೆಯ ಚರ್ಮವನ್ನು ಮೂಳೆಯಿಂದ ಬಿಡಿಸಿ, ಹುಬ್ಬಿನ ಮೂಳೆಯಂಚಿನಲ್ಲಿ ಬಿಗಿದಿರುವ ಪೊರೆಯನ್ನು ಸಡಿಲಿಸಿ, ಎಲ್ಲವನ್ನೂ ಮೇಲಕ್ಕೆ ಸರಿಸಿ ತಲೆಬುರುಡೆಯಲ್ಲಿ ಕೊರೆದ ಪುಟ್ಟ ಸುರಂಗಕ್ಕೋ ಸ್ಕ್ರೂಗೋ ಕಟ್ಟುತ್ತಾರೆ. ಸ್ನಾಯು ಜೀವಂತವಿದ್ದು ಹುಬ್ಬು ಸ್ವಲ್ಪವೇ ಇಳಿದವರಿಗೆ ಇದು ಒಳ್ಳೆಯ ದಾರಿ. ಊರ ತುಂಬ ಜಾಹೀರಾತು ಇರುವ ದಾರದ ಲಿಫ್ಟ್ ಬಗ್ಗೆ ನನಗೆ ನಂಬಿಕೆ ಇಲ್ಲ, ಅದರ ಬಿಗಿ ಬಹಳ ಕಾಲ ನಿಲ್ಲುವುದಿಲ್ಲ. ಬೊಟಾಕ್ಸ್ ಕೆಳಕ್ಕೆ ಎಳೆಯುವ ಸ್ನಾಯುಗಳನ್ನು ಮೂರು ನಾಲ್ಕು ತಿಂಗಳು ಮಲಗಿಸಿ ಹುಬ್ಬನ್ನು ಒಂದೆರಡು ಮಿಲಿಮೀಟರ್ ಏರಗೊಡುತ್ತದೆ, ಅಷ್ಟೇ.

“ಲಕ್ವ ಹೊಡೆದ ಹುಬ್ಬು ಭಾರ,” ಹುಡುಗರಲ್ಲಿ ಒಬ್ಬ ಹೇಳುತ್ತಾನೆ. “ನೆತ್ತಿಯಲ್ಲಿ ಎಳೆದರೆ ಆ ಎಳೆತ ಹುಬ್ಬಿಗೆ ಬರುವಷ್ಟರಲ್ಲಿ ಸೋತುಹೋಗುತ್ತೆ ಮೇಡಂ.” ಸರಿಯಾದ ಉತ್ತರ. ನಡುಹಣೆಯ ಗೆರೆಯಲ್ಲಿ ಕೊಯ್ಯೋಣವೆಂದರೆ ದೊಡ್ಡಮ್ಮನ ಎಡಹಣೆಯಲ್ಲಿ ಗೆರೆಯೇ ಇಲ್ಲ. ಉಳಿದದ್ದು ಹಳೆಯದು, ಸರಳವಾದದ್ದು: ಹುಬ್ಬಿನ ಮೇಲಂಚಿನಲ್ಲೇ ಕೊಯ್ದು, ಎಷ್ಟು ಎತ್ತಬೇಕೋ ಹೆಚ್ಚುಕಡಿಮೆ ಅಷ್ಟೇ ಚರ್ಮ ತೆಗೆದು ಹೊಲಿಯುವುದು. ಚಂದಕ್ಕಾಗಿ ಬರುವ ಹರೆಯದವರಿಗೆ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ, ಗುರುತು ಮುಖದ ಮೇಲೆಯೇ ಉಳಿಯುತ್ತದೆ. ಆದರೆ ದೊಡ್ಡಮ್ಮನಂಥವರಿಗೆ ಇದೇ ಸರಿ. ಹೊಸ ಯಂತ್ರ ಕೈಯಲ್ಲಿದ್ದೂ ಹಳೆಯ ಕೊಯ್ತವನ್ನು ಆರಿಸಿಕೊಳ್ಳುವ ವೈದ್ಯರನ್ನು ನಾನು ಹೆಚ್ಚು ನಂಬುತ್ತೇನೆ.

ಮನೆಯವರನ್ನು ಥಿಯೇಟರಿನೊಳಗೆ ಬಿಡುವುದಿಲ್ಲ. ಈ ಬರಹದ ಮಟ್ಟಿಗೆ ನೀವು ಒಳಗೆ ಬನ್ನಿ. ಚಪ್ಪಲಿ ಬಿಟ್ಟು, ಟೋಪಿ, ಮಾಸ್ಕ್ ಹಾಕಿಕೊಳ್ಳಿ. ಏನನ್ನೂ ಮುಟ್ಟಬೇಡಿ.

ಹಸಿರು ಬಟ್ಟೆಯ ನಡುವೆ ದೊಡ್ಡಮ್ಮನ ಮುಖ ಮಾತ್ರ ಕಾಣುತ್ತಿದೆ. ಎಚ್ಚರವಾಗಿದ್ದಾರೆ. “ಸೂಜಿ ಚುಚ್ಚೋದು ಒಂಚೂರು ಉರಿಯುತ್ತೆ ಅಮ್ಮ, ಆಮೇಲೆ ಏನೂ ಗೊತ್ತಾಗಲ್ಲ.” ಮರಗಟ್ಟಿಸುವ ಲಿಗ್ನೊಕೇನ್, ಅದರ ಜೊತೆ ಅಡ್ರಿನಲಿನ್. ಇಂಜೆಕ್ಷನ್ ಕೊಟ್ಟ ಕೂಡಲೇ ಕತ್ತಿ ಎತ್ತುವುದಿಲ್ಲ. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಬೇಕು, ಅದಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಚರ್ಮ ನಿಧಾನಕ್ಕೆ ಬಿಳಿಚಿಕೊಳ್ಳುತ್ತದೆ. ಹಣೆಗೆ ರಕ್ತ ಧಾರಾಳ. ಸಣ್ಣ ಪೆಟ್ಟಿಗೂ ಮುಖವೆಲ್ಲ ಕೆಂಪಾಗುವುದು, ದೊಡ್ಡ ಗಾಯವೂ ಬೇಗ ಕೂಡಿಕೊಳ್ಳುವುದು, ಎರಡೂ ಅದರಿಂದಲೇ.

ಆ ಧಾರಾಳ ರಕ್ತವನ್ನು ನಂಬಿ ಮಾಡಿದ ಒಂದು ಶಸ್ತ್ರಕ್ರಿಯೆಯ ಕಥೆ ಶುರುವಾಗುವುದು ಇಲ್ಲಿಗೆ ಹತ್ತಿರದ ಶ್ರೀರಂಗಪಟ್ಟಣದ ಯುದ್ಧದಲ್ಲಿ. ಕಾಯುವ ಹೊತ್ತಿನಲ್ಲಿ ಕೇಳಿ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬ ಮರಾಠ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕಡಿದರು. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದವನಿಗೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕಟ್ಟಿದ. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಮಡಚಿ, ಬಿಡಿಸಿ, ಹಣೆಯ ಮೇಲಿಟ್ಟು ಗೆರೆ ಎಳೆದ. ಆ ಅಳತೆಗೆ ಹಣೆಯ ಚರ್ಮವನ್ನು ಎಬ್ಬಿಸಿ, ಹುಬ್ಬುಗಳ ನಡುವೆ ಒಂದು ಪಟ್ಟಿ ಮಾತ್ರ ಕಡಿಯದೆ ಬಿಟ್ಟು, ತಿರುಗಿಸಿ ಕೆಳಗೆ ತಂದು ಕೂರಿಸಿದ. ಆ ಪಟ್ಟಿಯಲ್ಲಿ ರಕ್ತ ಹರಿಯುತ್ತಿದ್ದದ್ದರಿಂದ ಚರ್ಮ ಬದುಕಿತು. ಸುಮಾರು 25 ದಿನದ ಮೇಲೆ ಪಟ್ಟಿಯನ್ನು ಕತ್ತರಿಸುವುದು ಅವರ ಕ್ರಮ. ಇದೆಲ್ಲ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರ ಸಮೇತ ಬಂತು. ಅದರ ಜಾಡು ಹಿಡಿದು ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಆ ಕ್ರಮದಲ್ಲೇ ಮೂಗು ಕಟ್ಟಿ, 1816ರಲ್ಲಿ ಪುಸ್ತಕ ಬರೆದರು. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಮತ್ತೆ ಚಿಗುರಿದ್ದು ಅಲ್ಲಿಂದ. ಆ ಇಟ್ಟಿಗೆಯವನ ಹೆಸರನ್ನು ಬರೆದಿಟ್ಟುಕೊಳ್ಳದೆ ಹೋದದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ಚರ್ಮ ಬಿಳಿಚಿದೆ. 15ನೇ ನಂಬರ್ ಕತ್ತಿ. ಡಾಕ್ಟರ ಕೈ ನೋಡಿ: ಕತ್ತಿಯನ್ನು ನೆಟ್ಟಗೆ ಇಳಿಸುವುದಿಲ್ಲ, ಹುಬ್ಬಿನ ಕೂದಲು ಬೆಳೆದಿರುವ ಓರೆಗೇ ವಾಲಿಸುತ್ತಾರೆ. ನೆಟ್ಟಗೆ ಕೊಯ್ದರೆ ಬೇರುಗಳು ತುಂಡಾಗಿ ಗಾಯದ ಪಕ್ಕದಲ್ಲಿ ಬೋಳು ಗೆರೆ ಬೀಳುತ್ತದೆ. ಕೆಳಗಿನ ಕೊಯ್ತ ಕೂದಲಂಚಿಗೆ ಅಂಟಿಕೊಂಡು ಹೋಗುತ್ತದೆ. ಮೇಲಿನದು ಕಮಾನಾಗಿ ಏರಿ ಎರಡೂ ತುದಿಯಲ್ಲಿ ಕೂಡುತ್ತದೆ. ಕಮಾನಿನ ಎತ್ತರ ಹೊರಗಡೆಗೆ ಹೆಚ್ಚು. ಹೆಂಗಸರ ಹುಬ್ಬು ಏರುವುದು ಹೊರಗಿನ ಮೂರನೇ ಒಂದು ಭಾಗದಲ್ಲಿ, ಗಂಡಸರದು ಮೂಳೆಯಂಚಿನ ಮೇಲೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಇದನ್ನು ಮರೆತು ಗಂಡಸರ ಹುಬ್ಬನ್ನು ಕಮಾನು ಮಾಡಿ ಕಳಿಸಿದರೆ ಮುಖದ ಚಹರೆಯೇ ಬದಲಾಗಿಬಿಡುತ್ತದೆ.

ಚರ್ಮದ ತುಂಡು ಹೊರಗೆ ಬಂತು. ರಕ್ತ ನಿಲ್ಲಿಸಲು ಸುಡುವ ಕಾಟರಿಯ ಚುರ್ ಸದ್ದು, ಸುಟ್ಟ ವಾಸನೆ. ಒಳಬದಿಯಲ್ಲಿ, ಆ ಕಚ್ಚಿನ ಮೇಲ್ಭಾಗಕ್ಕೆ ಬಂದಾಗ ಕೈ ನಿಧಾನವಾಗುತ್ತದೆ. ಸ್ಪರ್ಶದ ನರ ಅಲ್ಲಿ ಸ್ನಾಯುವಿನ ಆಳದಿಂದ ಮೇಲೆ ಬರುತ್ತದೆ, ಆದ್ದರಿಂದ ಡಾಕ್ಟರು ಸ್ನಾಯುವನ್ನು ಮುಟ್ಟದೆ ಚರ್ಮ, ಕೊಬ್ಬಿನಷ್ಟಕ್ಕೇ ನಿಲ್ಲುತ್ತಾರೆ. ಹೊರಬದಿಯಲ್ಲಿ ಮಾತ್ರ ಮೂಳೆಯ ಮೇಲಿನ ಪೊರೆಯವರೆಗೆ ಇಳಿಯುತ್ತಾರೆ. ಹುಬ್ಬಿನ ಅಡಿಯ ಗಟ್ಟಿ ಪದರವನ್ನು ಕರಗದ ದಾರದಿಂದ ಆ ಪೊರೆಗೆ ಕಟ್ಟಬೇಕು. ಎತ್ತುವ ಸ್ನಾಯು ಸತ್ತಿರುವಾಗ ಬರೀ ಚರ್ಮ ತೆಗೆದು ಹೊಲಿದರೆ ಹುಬ್ಬು ಕ್ರಮೇಣ ಮತ್ತೆ ಕೆಳಗಿಳಿಯುತ್ತದೆ.

“ರೇಷ್ಮೆ ದಾರದಲ್ಲಾ ಹೊಲೀತಿರೋದು ಡಾಕ್ಟ್ರಮ್ಮ?” ಬಟ್ಟೆಯಡಿಯಿಂದ ದೊಡ್ಡಮ್ಮನ ದನಿ.

“ಮುಂಚೆ ಅದರಲ್ಲೇ ಹೊಲೀತಿದ್ರು ಅಮ್ಮ. ರೇಷ್ಮೆ ಗಂಟು ಚೆನ್ನಾಗಿ ಕೂರುತ್ತೆ. ಆದ್ರೆ ಚರ್ಮ ಅದಕ್ಕೆ ಕೆರಳುತ್ತೆ, ಮುಖಕ್ಕೆ ಈಗ ನೈಲಾನು.”

“ನಮ್ಮ ಕಾರ್ಖಾನೆ ರೇಷ್ಮೆಗೆ ಯಾರೂ ಕೆರಳಲ್ಲ ಬಿಡಿ.” ಸಿಸ್ಟರ್ ನಗುತ್ತಾರೆ. ದೊಡ್ಡಮ್ಮನ ಭಯ ಬಿಟ್ಟಿದೆ.

ಗಂಟು ಬಿಗಿಯುವ ಮೊದಲು ಟೇಬಲ್ಲಿನ ತಲೆಭಾಗ ಎತ್ತಿ ಅವರನ್ನು ಕೂರಿಸುತ್ತಾರೆ. “ನೇರ ನನ್ನ ನೋಡಿ.” ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಹುಬ್ಬನ್ನು ಅಳೆಯುತ್ತಾರೆ. ಎಡಹುಬ್ಬು ಬಲಕ್ಕಿಂತ ಒಂದೆರಡು ಮಿಲಿಮೀಟರ್ ಮೇಲೆಯೇ ಇದೆ. ಬೇಕೆಂದೇ ಹಾಗೆ ಮಾಡಿದ್ದು, ವಾರಗಳು ಕಳೆದಂತೆ ಅದು ಅಷ್ಟು ಇಳಿಯುತ್ತದೆ. “ಈಗ ಕಣ್ಣು ಮುಚ್ಚಿ.” ಮುಚ್ಚಿತು. ಗಂಟು ಬಿತ್ತು. ಚರ್ಮದ ಒಳಪದರಕ್ಕೆ ಕರಗುವ ದಾರ, ಮೇಲೆ ತಲೆಗೂದಲಿನಷ್ಟು ಸಣ್ಣ ನೈಲಾನ್ ಹೊಲಿಗೆಗಳು.

ಐದರಿಂದ ಏಳು ದಿನದೊಳಗೆ ಹೊಲಿಗೆ ಬಿಚ್ಚುತ್ತಾರೆ. ಕಣ್ಣಿನ ಸುತ್ತ ನೀಲಿಗಟ್ಟಿ ಊದಿಕೊಂಡದ್ದು ಎರಡು ವಾರದಲ್ಲಿ ಇಳಿಯುತ್ತದೆ. ಗಾಯದ ಕೆಂಪು ಕೆಲವು ತಿಂಗಳು ಇರುತ್ತದೆ. ಹಣೆಯಲ್ಲಿ ಒಂದಿಷ್ಟು ಜಾಗ ಮರಗಟ್ಟಿರಬಹುದು, ಸಾಮಾನ್ಯವಾಗಿ ಅದೂ ತಿಳಿಯಾಗುತ್ತದೆ. ಸತ್ತ ನರಕ್ಕೆ ಜೀವ ಬರುವುದಿಲ್ಲ. ದೊಡ್ಡಮ್ಮ ಆಶ್ಚರ್ಯಪಟ್ಟಾಗ ಬಲಹುಬ್ಬು ಮಾತ್ರ ಏರುತ್ತದೆ. ಅದನ್ನು ಡಾಕ್ಟರು ಮೊದಲೇ ಬಾಯಿಬಿಟ್ಟು ಹೇಳಿದ್ದರು, ದೊಡ್ಡಮ್ಮ ಒಪ್ಪಿದ್ದರು. ಅವರಿಗೆ ಬೇಕಿದ್ದದ್ದು ಎರಡೂ ಕೈ ಬಿಡುವಾಗುವುದು.

ಇಂಥ ಆಪರೇಷನ್ನಿಗೆ ಮನೆಯವರನ್ನು ಕರೆದೊಯ್ಯುವವರು ಕೇಳಲೇಬೇಕಾದ ಪ್ರಶ್ನೆಗಳಿವೆ. ಬಿದ್ದಿರುವುದು ಹುಬ್ಬೋ ಬರೀ ರೆಪ್ಪೆಯೋ? ಹುಬ್ಬು ಇಳಿದಿರುವವರಿಗೆ ರೆಪ್ಪೆಯ ಚರ್ಮ ಮಾತ್ರ ತೆಗೆದರೆ, ಅಲ್ಲಿಯವರೆಗೆ ನೋಡಲೆಂದು ಹಣೆ ಸುಕ್ಕಿಸಿ ಹುಬ್ಬನ್ನು ಎತ್ತಿ ಹಿಡಿದಿದ್ದವರು ಆ ಶ್ರಮ ಬಿಟ್ಟು, ಹುಬ್ಬು ಇನ್ನೂ ಕೆಳಗೆ ಬರುತ್ತದೆ. ಕಣ್ಣು ಪೂರ್ತಿ ಮುಚ್ಚುತ್ತದೆಯೇ ಎಂದು ನೋಡಿದ್ದಾರೆಯೇ? ಗುರುತು ಎಲ್ಲಿ ಬರುತ್ತದೆ? ಇದೇ ಕೊಯ್ತ ಯಾಕೆ, ಬೇರೆಯದು ಯಾಕೆ ಬೇಡ? ಸಮಾಧಾನವಾಗಿ ಉತ್ತರ ಹೇಳದ ಕಡೆ ಮಲಗಬೇಡಿ.

ಇದೆಲ್ಲಕ್ಕಿಂತ ಮೊದಲಿನ ಮಾತು ಇನ್ನೊಂದಿದೆ. ಮನೆಯಲ್ಲಿ ಯಾರಿಗಾದರೂ ಮುಖ ಒಂದು ಕಡೆಗೆ ವಾಲಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಅದು ಮೆದುಳಿನ ಪಾರ್ಶ್ವವಾಯು ಇರಬಹುದು, ಒಂದು ಗಂಟೆಯನ್ನೂ ಕಳೆಯುವಂತಿಲ್ಲ. ಮುಖದ ನರದ ಲಕ್ವವೇ ಆಗಿದ್ದರೂ ಸ್ಟೀರಾಯ್ಡ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು 72 ಗಂಟೆಯೊಳಗೆ ಶುರುಮಾಡಿದಾಗ, ಮುಚ್ಚದ ಕಣ್ಣಿಗೆ ಹನಿ, ಮುಲಾಮು ಮೊದಲ ದಿನದಿಂದಲೇ ಬೇಕು. ಎಣ್ಣೆ ನೀವುತ್ತಾ ದಿನ ಕಳೆಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.